ಆಗಬೋಟು, ಕಡತ ಮತ್ತು ಹತ್ತು ರೂಪಾಯಿಯ ನಿಧಿ

ಪ್ರಶ್ನೆ: ನಾನು ಕಾರವಾರದವಳು, ಚಿತ್ರಕಲೆ ಕಲಿತಿದ್ದೇನೆ. ಕನ್ನಡದಲ್ಲಿ ಒಂದು ಸ್ಟೀಮ್‌ಪಂಕ್ (ಉಗಿಯಂತ್ರಗಳ ಕಾಲದ ಕಲ್ಪನೆಯ ಕತೆ) ಕಾಮಿಕ್ಸ್ ಮಾಡಬೇಕೆಂದು ಬಹಳ ದಿನದ ಆಸೆ. ನಾಯಕಿ ಆರ್ಯಾ, ವಯಸ್ಸು 19. ಹಣೆಯ ಮೇಲೆ ಹಿತ್ತಾಳೆ ಕನ್ನಡಕ, ತಲೆಗೆ ಎತ್ತರದ ಟೋಪಿ. ಇಂಗ್ಲಿಷ್ ಎಂಜಿನಿಯರನ ಮಗ ಅವಳ ಜೊತೆಗಾರ. ಇಬ್ಬರೂ ಮೆಣಸಿನ ರಾಣಿ ಚೆನ್ನಭೈರಾದೇವಿಯ ನಿಧಿ ಹುಡುಕುತ್ತಾ ಉಗಿ ದೋಣಿಯಲ್ಲಿ ಕಾಳಿ ನದಿಯಿಂದ ಗೇರುಸೊಪ್ಪೆಗೆ ಹೊರಡುತ್ತಾರೆ. 12 ಪುಟ ಬರೆದಿದ್ದೇನೆ. ನೋಡಿದವರೆಲ್ಲ ‘ಚಿತ್ರ ಚೆಂದ ಇದೆ, ಆದರೆ ನಮ್ಮೂರು ಅನ್ನಿಸೂದಿಲ್ಲ’ ಅಂತಾರೆ. ಎಲ್ಲಿ ಎಡವಿದ್ದೇನೆ?

ಉತ್ತರ: ನೀವು ಕಳಿಸಿದ 12 ಪುಟಗಳನ್ನೂ ಎರಡೆರಡು ಸಲ ನೋಡಿದೆ. ಕೈ ಪಳಗಿದೆ, ಅದರ ಬಗ್ಗೆ ಮಾತೇ ಇಲ್ಲ. ಮೂರನೇ ಪುಟದಲ್ಲಿ ಗಾಳಿಗೆ ಒಂದೇ ಪಕ್ಕಕ್ಕೆ ವಾಲಿದ ತೆಂಗಿನ ಗರಿಗಳನ್ನು ನೋಡಿದಾಗ ಕಾರವಾರದ ಕಡಲು ಕಣ್ಣಿಗೆ ಕಟ್ಟಿತು. ಆದರೆ ಅದೇ ಪುಟದಲ್ಲಿ ಆ ಟೋಪಿಯೂ ಇದೆಯಲ್ಲ! ಮೇ ತಿಂಗಳ ಕಾರವಾರದಲ್ಲಿ ಕಪ್ಪು ಉಣ್ಣೆಯ ಟೋಪಿ ಹಾಕಿಕೊಂಡವಳು ನಿಧಿ ಹುಡುಕುವುದಕ್ಕೆ ಮೊದಲು ನೆರಳು ಹುಡುಕುತ್ತಾಳೆ, ಮಾರಾಯ್ರೆ.

ಟೋಪಿ ತೆಗೆದರೆ ಸರಿಹೋಗುವಷ್ಟು ಸಣ್ಣ ತಪ್ಪಲ್ಲ ಇದು. ಸ್ಟೀಮ್‌ಪಂಕ್ ಅನ್ನುವುದು 1987ರಲ್ಲಿ ಅಮೆರಿಕದ ಬರಹಗಾರನೊಬ್ಬ ಅರ್ಧ ತಮಾಷೆಗೆ ಇಟ್ಟ ಹೆಸರು. ಅದು ಲಂಡನ್ನಿನ ಬೀದಿ, ಅಲ್ಲಿನ ಮಂಜು, ಅಲ್ಲಿನ ಉಡುಪುಗಳ ಜೊತೆಯಲ್ಲೇ ಬೆಳೆಯಿತು. ಹಾಗಾಗಿ ಹಲ್ಲುಚಕ್ರ, ಹಿತ್ತಾಳೆ, ಕನ್ನಡಕ ಇವೇ ಅದರ ಜೀವಾಳ ಅಂತ ಬಹಳ ಜನ ತಿಳಿದಿದ್ದಾರೆ. ಇವೆಲ್ಲ ಅದರ ಅಂಗಿ ಮಾತ್ರ. ಅದರ ಜೀವ ಇರುವುದು ‘ಆಗ ಹಾಗಾಗಿದ್ದರೆ?’ ಅನ್ನುವ ಒಂದು ಪ್ರಶ್ನೆಯಲ್ಲಿ. ಉಗಿಯ ಕಾಲದಲ್ಲಿ ಏನೋ ಒಂದು ಆಗಬೇಕಾಗಿತ್ತು, ಆಗಲಿಲ್ಲ. ಅದು ಆಗಿದ್ದರೆ? ನಿಮ್ಮ 12 ಪುಟಗಳಲ್ಲಿ ಈ ಪ್ರಶ್ನೆ ಎಲ್ಲೂ ಸಿಗಲಿಲ್ಲ. ಲಂಡನ್ನಿನ ಪ್ರಶ್ನೆಗೆ ಹೊಲಿದ ಅಂಗಿಯನ್ನು ತಂದು ಕಾರವಾರದ ಬೈತಖೋಲದ ದಂಡೆಯಲ್ಲಿ ನಿಂತ ಹುಡುಗಿಗೆ ತೊಡಿಸಿದ್ದೀರಿ.

ಬೇಸರದ ಸಂಗತಿ ಅಂದರೆ, ‘ಆಗಿದ್ದರೆ’ ಅನ್ನುವ ಪ್ರಶ್ನೆ ಕಾರವಾರಕ್ಕಿಂತ ಹೆಚ್ಚು ಇರುವ ಊರು ಈ ಕರಾವಳಿಯಲ್ಲೇ ಇಲ್ಲ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಂದ ಇಂಗ್ಲೆಂಡಿಗೆ ಹೋಗುತ್ತಿದ್ದ ಹತ್ತಿ ನಿಂತುಹೋಯಿತು, ಮ್ಯಾಂಚೆಸ್ಟರಿನ ಗಿರಣಿಗಳು ಹಸಿದು ಕೂತವು. ಧಾರವಾಡದ ಬಯಲಿನ ಹತ್ತಿ ಅಲ್ಲಿಯವರೆಗೆ ಎತ್ತುಗಳ ಬೆನ್ನೇರಿ ಘಟ್ಟ ಇಳಿದು ಕುಮಟೆಯಲ್ಲಿ ಮಚವೆ ಅನ್ನುವ ಹಾಯಿದೋಣಿ ಹತ್ತುತ್ತಿತ್ತು. ಕುಮಟೆಯಲ್ಲಿ ಒಂದು ಹತ್ತಿ ಗಿಡವೂ ಬೆಳೆಯದಿದ್ದರೂ ವಿಲಾಯತಿಯ ಪೇಟೆಯಲ್ಲಿ ಆ ಸರಕಿಗೆ ‘ಕುಮಟಾ ಹತ್ತಿ’ ಅಂತಲೇ ಹೆಸರು. ಆದರೆ ದೊಡ್ಡ ಹಡಗು ನಿಲ್ಲುವ ಆಳ ಕುಮಟೆಯಲ್ಲಿಲ್ಲ, ಕಾರವಾರದಲ್ಲಿದೆ. ಎಲ್ಲರ ಕಣ್ಣು ಕಾರವಾರದ ಎದುರಿಗೆ, ಕಾಳಿಯ ಆಚೆ ದಂಡೆಯಲ್ಲಿರುವ ಸದಾಶಿವಗಡದ ಕಡೆ ತಿರುಗಿತು. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ ಬಿಟ್ಟು ಮುಂಬಯಿ ಪ್ರಾಂತಕ್ಕೆ ಸೇರಿದ್ದರ ಹಿಂದೆ ಈ ಬಂದರಿನ ಆಸೆಯೂ ಇತ್ತು. ಮ್ಯಾಂಚೆಸ್ಟರಿನ ವ್ಯಾಪಾರಿಗಳು ಕಂಪನಿ ಕಟ್ಟಿ, ಅರಳೆ ಒತ್ತುವ ಯಂತ್ರಗಳನ್ನು ಹಡಗಿಗೇರಿಸಿ ಕಳಿಸಿಯೇಬಿಟ್ಟರು. ಯಂತ್ರ ಬಂತು. ಘಟ್ಟ ಹತ್ತುವ ರಸ್ತೆ ಮಾತ್ರ ಸಿದ್ಧವಾಗಿರಲಿಲ್ಲ.

ಅಮೆರಿಕದ ಯುದ್ಧ ಮುಗಿದದ್ದೇ ಹತ್ತಿಯ ಬೆಲೆ ನೆಲಕಚ್ಚಿತು. ರೈಲಿನ ಮಾತು ಆಗಲೂ ಇತ್ತು. ಆದರೆ ಕೊನೆಗೆ 1888ರ ಹೊತ್ತಿಗೆ ರೈಲು ಘಟ್ಟ ಇಳಿದದ್ದು ನಮ್ಮದೇ ಜಿಲ್ಲೆಯ ಕ್ಯಾಸಲ್‌ರಾಕ್ ದಾಟಿ ಗೋವೆಯ ಮುರ್ಮುಗೋವಾ ಬಂದರಿಗೆ. ಕಾರವಾರ ರೈಲು ಕಂಡದ್ದು ಮತ್ತೆ ನೂರು ವರ್ಷ ಕಳೆದು, ಕೊಂಕಣ ರೈಲ್ವೆ ಬಂದಾಗ. ವರ್ಷಗಟ್ಟಲೆ ಬರೀ ಮಾತಾಗಿಯೇ ಉಳಿದ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಬಗ್ಗೆ ನಾನೇನೂ ಬರೆಯುವುದಿಲ್ಲ. ಅದನ್ನು ಓದಿದರೆ ಯಾರಿಗಾದರೂ ಸ್ಟೀಮ್‌ಪಂಕ್ ಅಂತಲೇ ಅನ್ನಿಸೀತು.

ನಿಮ್ಮ ಕತೆ ನಿಂತುಕೊಳ್ಳಬೇಕಾದ ಜಾಗ ಇದು. ಘಟ್ಟದ ರಸ್ತೆ ಸಮಯಕ್ಕೆ ಆಗಿದ್ದರೆ, ಕಾಳಿಯ ಎರಡೂ ದಂಡೆಗಳಲ್ಲಿ ಉಗಿಯ ಪ್ರೆಸ್‌ಗಳು ಹಗಲೂ ರಾತ್ರಿ ಹತ್ತಿಯ ಮೂಟೆ ಒತ್ತುತ್ತಿದ್ದರೆ ಕಾರವಾರ ಹೇಗಿರುತ್ತಿತ್ತು? ಅಥವಾ ಇನ್ನೂ ಚೆಂದದ್ದು ಬೇಕೆಂದರೆ, ಏನೂ ಆಗಲಿಲ್ಲ, ಕಂಪನಿಯವರು ಕೈಬಿಟ್ಟುಹೋದ ಒಂದು ಬಾಯ್ಲರನ್ನು ನಿಮ್ಮ ಹುಡುಗಿ ದಂಡೆಯಿಂದ ಎತ್ತಿ ತಂದು ದೋಣಿಗೆ ಕೂರಿಸಿದಳು ಅನ್ನಿ. ನನ್ನ ಓಟು ಎರಡನೆಯದಕ್ಕೆ. ದೊಡ್ಡವರು ಬಿಸಾಕಿದ ಯಂತ್ರವನ್ನು ಬಡವಳು ಓಡಿಸುವುದರಲ್ಲೇ ಅರ್ಧ ಕತೆ ಇದೆ.

ವರ್ಷ ಯಾವುದು ಅಂತ ನೀವು ಎಲ್ಲೂ ಹೇಳಿಲ್ಲ. ‘ಬ್ರಿಟಿಷರ ಕಾಲ’ ಅಂದರೆ ಸಾಲದು. 1878 ಇಟ್ಟುಕೊಳ್ಳಿ. ಕಾರಣ ಇದೆ: ಆ ಒಂದೇ ವರ್ಷದಲ್ಲಿ ಸರ್ಕಾರ ಸಾಲಾಗಿ ಕಾನೂನುಗಳನ್ನು ಮಾಡಿತು. 6ನೆಯದು ನಿಧಿ ಕಾಯಿದೆ, 7ನೆಯದು ಅರಣ್ಯ ಕಾಯಿದೆ, 9ನೆಯದು ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟುವ ಕಾಯಿದೆ, 11ನೆಯದು ಶಸ್ತ್ರಾಸ್ತ್ರ ಕಾಯಿದೆ. ನೆಲದೊಳಗಿನ ಹೊನ್ನು, ನೆಲದ ಮೇಲಿನ ಮರ, ಬಾಯೊಳಗಿನ ಮಾತು, ಕೈಯೊಳಗಿನ ಕೋವಿ ಎಲ್ಲಕ್ಕೂ ಒಂದೇ ವರ್ಷದಲ್ಲಿ ಬೀಗ. ನಿಧಿ ಹುಡುಕುವ ಹುಡುಗಿಗೆ ಇದಕ್ಕಿಂತ ಒಳ್ಳೆಯ ಖಳನಾಯಕ ಸಿಗುವುದಿಲ್ಲ. ಮೀಸೆ ತಿರುವುವ ಕಪ್ತಾನನನ್ನು ಬಿಡಿ. ಕಚೇರಿಯ ಗುಮಾಸ್ತ ಸಾಕು. ಆ ಎತ್ತರದ ಟೋಪಿ ಬೇಕಾದರೆ ಅವನ ಸಾಹೇಬನಿಗೆ ಕೊಡಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಯಾರಾದರೂ ನಿಮಗೆ ‘ರವೀಂದ್ರನಾಥ ಠಾಕೂರರನ್ನೂ ಕತೆಗೆ ತನ್ನಿ, ಅವರ ಅಣ್ಣ ಇಲ್ಲಿ ನ್ಯಾಯಾಧೀಶರಾಗಿದ್ದರು’ ಅನ್ನುತ್ತಾರೆ. ಖಂಡಿತ ಅನ್ನುತ್ತಾರೆ, ಕಾರವಾರದಲ್ಲಿ ಅನ್ನದೇ ಬಿಡುವವರಿಲ್ಲ. ಠಾಕೂರರು ಇಲ್ಲಿಗೆ ಬಂದದ್ದು 1880ರ ದಶಕದ ಆರಂಭದಲ್ಲಿ. ನಿಮ್ಮ ಕತೆಗೆ ತಡವಾಯಿತು. ಬಿಟ್ಟುಬಿಡಿ.

ಈಗ ಹುಡುಗಿಯ ವಿಷಯ. 1878ರ ಕಾರವಾರದ ದಂಡೆಯಲ್ಲಿ ಆರ್ಯಾ ಅನ್ನುವ ಹೆಸರು ಕೂಗಿದರೆ ಯಾರೂ ತಿರುಗುವುದಿಲ್ಲ. ಗಂಗೆ ಅನ್ನಿ, ಚಂದ್ರಿ ಅನ್ನಿ. ನಾನು ಇಲ್ಲಿ ಗಂಗೆ ಅಂತಲೇ ಕರೆಯುತ್ತೇನೆ. ಉಡುಪಿಗಾಗಿ ವಿಲಾಯತಿಗೆ ಹೋಗಬೇಕಾಗಿಲ್ಲ. ಮೀನು ಹೊರುವ ಹೆಂಗಸರು ಮೊಣಕಾಲಿನವರೆಗೆ ಎತ್ತಿ ಕಟ್ಟುವ ಕಚ್ಚೆ ಸೀರೆಗಿಂತ ಸಾಹಸಕ್ಕೆ ಒಪ್ಪುವ ಉಡುಪು ಇನ್ನೊಂದು ಇದ್ದರೆ ಹೇಳಿ. ಅದರಲ್ಲಿ ಓಡಬಹುದು, ಹತ್ತಬಹುದು, ಕೆಸರಿಗೆ ಇಳಿಯಬಹುದು. ಜೇಬಿಲ್ಲ ಅಂತ ಚಿಂತೆ ಬೇಡ: ಉಡಿ ಇದೆ, ಸೆರಗಿನ ಗಂಟು ಇದೆ, ಸೊಂಟದಲ್ಲಿ ಕವಳದ ಸಂಚಿ ಇದೆ. ಆ ಸಂಚಿಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿಯ ಪಕ್ಕ ಒಂದು ಸ್ಪ್ಯಾನರ್ ಇಟ್ಟುನೋಡಿ. ಹತ್ತು ಹಲ್ಲುಚಕ್ರ ಮಾಡದ ಕೆಲಸವನ್ನು ಆ ಒಂದು ಚೌಕಟ್ಟು ಮಾಡುತ್ತದೆ.

ಎಂಜಿನಿಯರನ ಮಗನನ್ನು ಏನು ಮಾಡುವುದು? ನಿಮ್ಮ ಪುಟಗಳಲ್ಲಿ ಯಂತ್ರ ಕೆಟ್ಟಾಗಲೆಲ್ಲ ಅವನೇ ಸರಿಮಾಡುತ್ತಾನೆ. ದಾರಿ ತಪ್ಪಿದಾಗ ನಕ್ಷೆ ತೆಗೆಯುವವನೂ ಅವನೇ. ನಾಯಕಿ ದೋಣಿಯ ಮೂತಿಯಲ್ಲಿ ನಿಂತು ಕೂದಲು ಹಾರಿಸುತ್ತಾಳೆ. ಅವನಿರಲಿ, ಬೇಡ ಅನ್ನುವುದಿಲ್ಲ. ಆದರೆ ಅವನಿಗೆ ಪುಸ್ತಕದ ಯಂತ್ರ ಗೊತ್ತು, ಅವಳಿಗೆ ನೀರು ಗೊತ್ತು. ಈ ಎರಡು ಅರಿವುಗಳ ತಿಕ್ಕಾಟದಿಂದ ಕತೆ ಹುಟ್ಟಲಿ. ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಸ್ಟೀಮ್‌ಪಂಕ್ ಬರೆಯುವವರು ಉಗಿಯನ್ನು ಮಂತ್ರದಂತೆ ಬಳಸಿಬಿಡುತ್ತಾರೆ.

ಒಂದು ಲೀಟರು ನೀರು ಕುದಿದು ಉಗಿಯಾದರೆ 1,600 ಪಟ್ಟಿಗೂ ಮೀರಿ ಹಿಗ್ಗುತ್ತದೆ. ಆ ಹಿಗ್ಗನ್ನು ಮುಚ್ಚಿದ ಡ್ರಮ್ಮಿನಲ್ಲಿ ತಡೆದು, ಸಣ್ಣ ದಾರಿಯಲ್ಲಿ ಬಿಟ್ಟರೆ ಅದು ಪಿಸ್ಟನ್ ತಳ್ಳುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಯಾವ ನೀರು? ನಿಮ್ಮ ಏಳನೇ ಪುಟದಲ್ಲಿ ಹುಡುಗ ಕೊಡದಲ್ಲಿ ಸಮುದ್ರದ ನೀರು ಮೊಗೆದು ಬಾಯ್ಲರಿಗೆ ಸುರಿಯುತ್ತಾನೆ. ಸಮುದ್ರದ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ನೀರು ಉಗಿಯಾಗಿ ಹೋಗುತ್ತದೆ, ಉಪ್ಪು ಒಳಗೇ ಉಳಿಯುತ್ತದೆ. ಹಳೆಯ ಹಂಡೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟಿದ್ದನ್ನು ನೋಡಿದ್ದೀರಲ್ಲ, ಹಾಗೇ. ಹಕ್ಕಳೆ ದಪ್ಪವಾದಷ್ಟೂ ಬೆಂಕಿಯ ಕಾವು ನೀರಿಗೆ ತಲುಪುವುದಿಲ್ಲ, ಕಬ್ಬಿಣದ ತಗಡೇ ಕೆಂಪಗೆ ಕಾದು ಮೆತ್ತಗಾಗಿ, ಒಂದು ದಿನ ಒಡೆಯುತ್ತದೆ. ಆ ಕಾಲದ ಆಗಬೋಟುಗಳಲ್ಲಿ, ಅಂದರೆ ಉಗಿಹಡಗುಗಳಲ್ಲಿ, ಕಡಲ ನೀರು ಹಾಕಿದವರು ಆಗಾಗ ಉಪ್ಪುನೀರನ್ನು ಹೊರಗೆ ಊದಿ ತೆಗೆಯಲೇಬೇಕಿತ್ತು.

ಹುಡುಗನಿಗೆ ಈ ಲೆಕ್ಕ ಪುಸ್ತಕದಿಂದ ಗೊತ್ತು. ಸಿಹಿನೀರು ಬೇಕು ಅನ್ನುತ್ತಾನೆ. ಎಲ್ಲಿ, ಯಾವಾಗ ಸಿಗುತ್ತದೆ ಅನ್ನುವುದು ಗಂಗೆಗೆ ಗೊತ್ತು. ಅವಳು ಚಿಕ್ಕಂದಿನಿಂದ ಅಮ್ಮನ ಜೊತೆ ಇಳಿತದ ಹೊತ್ತಿಗೆ ಅಳಿವೆಯ ಕೆಸರಿನಲ್ಲಿ ಬಳಚು ಅನ್ನುವ ಚಿಪ್ಪುಮೀನು ಆರಿಸಿದವಳು. ಭರತದಲ್ಲಿ ಕಡಲು ನದಿಯೊಳಗೆ ಏರುತ್ತದೆ, ಇಳಿತದಲ್ಲಿ ನದಿಯ ನೀರು ಕೆಳಗೆ ಬರುತ್ತದೆ. ದಿನಕ್ಕೆ ಎರಡು ಸಲ, ಮತ್ತು ಪ್ರತಿದಿನ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ತಡವಾಗಿ. ಮಳೆಗಾಲ ಮುಗಿದ ಹೊಸತರಲ್ಲಿ ಅಳಿವೆಯ ಹತ್ತಿರವೇ ನಾಲಗೆಗೆ ಸಿಹಿ. ಬೇಸಿಗೆಯಲ್ಲಿ ಕದ್ರಾದ ಕಡೆಗೆ ಮೇಲೆ ಹೋದಷ್ಟೂ ಒಳ್ಳೆಯದು. ಅವಳು ಬೊಗಸೆಯಲ್ಲಿ ನೀರು ಎತ್ತಿ, ಬಾಯಿಗೆ ಹಾಕಿ, ಉಗುಳಿ ‘ಈಗಲ್ಲ’ ಅನ್ನುತ್ತಾಳೆ. ಹುಡುಗ ಗಡಿಯಾರ ನೋಡಿಕೊಂಡು ಚಡಪಡಿಸುತ್ತಾನೆ. ಮಾತೇ ಇಲ್ಲದ ನಾಲ್ಕು ಚೌಕಟ್ಟು ಸಾಕು.

ಸೌದೆಯ ಕತೆ ಇನ್ನೊಂದು. ಕಲ್ಲಿದ್ದಲು ಹಡಗಿನಲ್ಲಿ ಬರಬೇಕು, ದುಬಾರಿ. ಘಟ್ಟದ ತುಂಬ ಮರವಿದೆ, ಆದರೆ ಹೊಸ ಅರಣ್ಯ ಕಾಯಿದೆ ಬಂದಿದೆ. ಕಾಡು ಕಡಿದು ಸುಟ್ಟು ಕುಮರಿ ಬೇಸಾಯ ಮಾಡುತ್ತಿದ್ದವರಿಗೇ ಕಾಡಿನೊಳಗೆ ಕಾಲಿಡಲು ಕಷ್ಟವಾದ ಕಾಲ, ಗಂಗೆಯ ದೋಣಿಗೆ ಯಾರು ಮರ ಕೊಡುತ್ತಾರೆ? ನನ್ನ ಸಲಹೆ: ತೆಂಗಿನ ಕರಟದ ಇದ್ದಿಲು. ಅಕ್ಕಸಾಲಿಗರ ಕುಲುಮೆಯಲ್ಲಿ ಉರಿಯುವುದು ಅದೇ, ಕಾವು ಜೋರು, ಹೊಗೆ ಕಡಿಮೆ. ಹೊಗೆ ಕಡಿಮೆ ಅಂದರೆ ದೂರದಿಂದ ಕಾಣುವುದಿಲ್ಲ. ಊರ ಮನೆಮನೆಯಿಂದ ಕರಟ ಆರಿಸುವ ಮಕ್ಕಳ ಒಂದು ಪುಟ ಬರೆದರೆ ಅವಳ ದೋಣಿಗೆ ಒಂದು ಊರೇ ಬೆನ್ನಿಗೆ ನಿಂತಂತೆ ಕಾಣುತ್ತದೆ.

ನಿಧಿಗೆ ಬರೋಣ. ಚೆನ್ನಭೈರಾದೇವಿ ನಗಿರೆಯನ್ನು, ಅಂದರೆ ಗೇರುಸೊಪ್ಪೆಯ ರಾಜ್ಯವನ್ನು, ಆಳಿದ್ದು 1552ರಿಂದ 1606ರವರೆಗೆ, 54 ವರ್ಷ. ಪೋರ್ಚುಗೀಸರೇ ಅವಳನ್ನು ಮೆಣಸಿನ ರಾಣಿ ಅಂದರು. ಅವಳನ್ನು ಸೋಲಿಸಿ ಸೆರೆಹಿಡಿದದ್ದು ಕೆಳದಿಯ ವೆಂಕಟಪ್ಪನಾಯಕ. ಇಷ್ಟು ನಿಮಗೂ ಗೊತ್ತು. ನೀವು ಕೊನೆಯಲ್ಲಿ ಇಟ್ಟಿರುವುದು ಮಿರ್ಜಾನ್ ಕೋಟೆಯ ನೆಲಮಾಳಿಗೆ, ಏಳು ಕೊಪ್ಪರಿಗೆ ಹೊನ್ನು, ಅದರ ಮೇಲೆ ಹೆಡೆ ಬಿಚ್ಚಿದ ಸರ್ಪ. ಇದನ್ನು ನಾವು ಅಜ್ಜಿಯಿಂದಲೇ ಕೇಳಿದ್ದೇವೆ. ಅದಕ್ಕಿಂತ ಕಹಿಯಾದದ್ದು, ಈ ಏಳು ಕೊಪ್ಪರಿಗೆಯ ಕನಸಿಗೆ ಇವತ್ತಿಗೂ ಜನ ರಾತ್ರಿ ಹಾರೆ ಹಿಡಿದು ಪಾಳುಗುಡಿ, ಬಸದಿಗಳ ಪೀಠ ಕೀಳುತ್ತಾರೆ. ಹೊನ್ನು ಸಿಕ್ಕಿತು ಅಂತ ಮುಗಿಸುವ ಕತೆಯನ್ನು ಉತ್ತರ ಕನ್ನಡದಲ್ಲಿ ಕೂತು ಬರೆಯಲು ನನಗಂತೂ ಕೈ ಏಳುವುದಿಲ್ಲ.

ಅದರ ಬದಲು ಕಡತ ಇಡಿ. ಕಡತ ಅಂದರೆ ಈಗಿನ ಸರ್ಕಾರಿ ಫೈಲು ಅಲ್ಲ, ಮೂಲ ಕಡತ. ಹತ್ತಿ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಎರಡು ತುದಿಗೆ ಮರದ ಹಲಗೆ ಕಟ್ಟುತ್ತಿದ್ದರು. ಕಪ್ಪು ಬಟ್ಟೆಯ ಮೇಲೆ ಬಳಪದಿಂದ ಬಿಳಿ ಅಕ್ಷರ. ಬಿಚ್ಚಿದರೆ ಒಂದರ ಪಕ್ಕ ಒಂದು ಕರಿಯ ಚೌಕ ಹರಡಿಕೊಳ್ಳುತ್ತದೆ. ನಿಮ್ಮ ಕಾಮಿಕ್ಸಿನ ಪುಟವೇ ಅಲ್ಲವೇ ಅದು? ಕೆಳದಿಯ ಕಾಲದ ಲೆಕ್ಕಪತ್ರ ಇಂಥ ಕಡತಗಳಲ್ಲೇ ಇರುತ್ತಿತ್ತು. ಗೆದ್ದವರ ಶಾನುಭೋಗ ರಾಣಿಯ ಉಗ್ರಾಣದ ಮೆಣಸನ್ನು, ಹೊನ್ನನ್ನು ಎಣಿಸಿ ಬರೆದ, ಒಂದು ಮಡಿಕೆಯಲ್ಲಿ ಮಾತ್ರ ಬೇರೆಯೇನೋ ಬರೆದು, ತಾಮ್ರದ ಬಿಂದಿಗೆಯಲ್ಲಿಟ್ಟು, ಬಾಯಿಗೆ ರಾಳ ಮೆತ್ತಿ ಹೂತ ಅನ್ನಿ. ಇದು ಕಲ್ಪನೆ, ನಿಮ್ಮ ಹಕ್ಕು.

ಕಡತದ ಗುಣ ಏನು ಗೊತ್ತೇ? ಒದ್ದೆ ಬಟ್ಟೆಯಿಂದ ಒರೆಸಿದರೆ ಅಕ್ಷರ ಹೋಯಿತು. ಅದಕ್ಕೇ ಮತ್ತೆ ಮತ್ತೆ ಬರೆಯಲು ಬರುತ್ತಿತ್ತು. ಈಗ ನೋಡಿ: ಗಂಗೆ ಆ ಬಿಂದಿಗೆಯನ್ನು ತೆರೆಯುವುದು ಎಲ್ಲಿ? ಬಾಯ್ಲರಿನ ಪಕ್ಕ. ಸುತ್ತ ಏನಿದೆ? ಉಗಿ. ಅವಳನ್ನು ಅಲ್ಲಿಯವರೆಗೆ ಹೊತ್ತು ತಂದ ಅದೇ ಉಗಿ ಈಗ ಒಂದೊಂದೇ ಅಕ್ಷರ ಅಳಿಸುತ್ತಿದೆ. ಬೆಂಕಿ ಆರಿಸಿದರೆ ಹಿಂದೆ ಬರುವ ಗುಮಾಸ್ತನ ಲಾಂಚು ಹಿಡಿಯುತ್ತದೆ, ಆರಿಸದಿದ್ದರೆ ಓದುವ ಮೊದಲೇ ಕಡತ ಕರಿ ಬಟ್ಟೆ. ಉಗಿಯ ಕತೆಯಲ್ಲಿ ಉಗಿಯೇ ಬೆಲೆ ಕೇಳಬೇಕು. ನಿಮ್ಮ ಪುಟಗಳಲ್ಲಿ ನನಗೆ ಕೊರತೆ ಅನ್ನಿಸಿದ್ದು ಇದೇ. ಅಲ್ಲಿ ಯಂತ್ರ ಬರೀ ಕೊಡುತ್ತದೆ, ಏನನ್ನೂ ಕಿತ್ತುಕೊಳ್ಳುವುದಿಲ್ಲ.

ಇನ್ನು 1878ರ ಆ ನಿಧಿ ಕಾಯಿದೆ ಓದಿದರೆ ನಿಮಗೆ ಕ್ಲೈಮ್ಯಾಕ್ಸೇ ಸಿಗುತ್ತದೆ. ನೆಲದಲ್ಲಿ ಹುದುಗಿದ್ದ, 10 ರೂಪಾಯಿಗಿಂತ ಹೆಚ್ಚು ಬೆಲೆಯ ಯಾವುದೇ ವಸ್ತು ಸಿಕ್ಕರೂ ಕಲೆಕ್ಟರರಿಗೆ ಬರೆದು ತಿಳಿಸಬೇಕು. ಮುಚ್ಚಿಟ್ಟರೆ ಪಾಲೂ ಇಲ್ಲ, ಒಂದು ವರ್ಷದವರೆಗೆ ಜೈಲೂ ಆಗಬಹುದು. ಹೂತು ನೂರು ವರ್ಷ ದಾಟಿ, ವಾರಸುದಾರರಿಲ್ಲದ ನಿಧಿ ಆದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಸಿಕ್ಕವರಿಗೆ ಮುಕ್ಕಾಲು, ನೆಲದ ಒಡೆಯನಿಗೆ ಕಾಲು. ಸರ್ಕಾರಕ್ಕೇ ಬೇಕೆನಿಸಿದರೆ ವಸ್ತುವಿನ ಲೋಹ, ಸಾಮಗ್ರಿ ಎಷ್ಟು ಬಾಳುತ್ತದೋ ಅಷ್ಟು, ಮೇಲೆ ಅದರ ಐದನೇ ಒಂದು ಪಾಲು ಕೊಟ್ಟು ತೆಗೆದುಕೊಳ್ಳಬಹುದು. ಅಂದರೆ ರಾಣಿಯ ನಾಣ್ಯಕ್ಕೂ ಚಿನಿವಾರನ ತಕ್ಕಡಿಯ ಬೆಲೆಯೇ! ಈಗ ಗುಮಾಸ್ತ ಗಂಗೆಯನ್ನು ಹಿಡಿದು ಕಚೇರಿಗೆ ತರುತ್ತಾನೆ. ಮೇಜಿನ ಮೇಲೆ ಕಡತ ಬಿಚ್ಚುತ್ತಾರೆ. ಬಿಂದಿಗೆಯ ತಾಮ್ರ ಒಂದೆರಡು ರೂಪಾಯಿ ಬಾಳೀತು. ಹಳೆಯ ಕರಿ ಬಟ್ಟೆಗೆ ಎಷ್ಟು? 10 ರೂಪಾಯಿ ಆಗುವುದಿಲ್ಲ. ಕಾಯಿದೆಯ ಕಣ್ಣಿಗೆ ಅವಳು ತಿಳಿಸಬೇಕಾದ್ದು ಏನೂ ಇಲ್ಲ. ಅದರಲ್ಲಿ ಬರೆದದ್ದನ್ನು ಅವಳು ಓದಿಕೊಂಡಾಗಿದೆ. ಗುಮಾಸ್ತನಿಗೆ ಕಾಣುವುದು ಒರೆಸಿಹೋದ ಮಡಿಕೆ.

ಅದರಲ್ಲಿ ಏನು ಬರೆದಿತ್ತು ಅಂತ ನನ್ನನ್ನು ಕೇಳಬೇಡಿ. ಎರಡನೇ ಸಂಚಿಕೆಗೆ ನಿಮಗೆ ಬೇಕಾದೀತು.

ಭೂಗೋಳದ ಒಂದು ತಪ್ಪು ತಿದ್ದಿಕೊಳ್ಳಿ. ಕಾಳಿಯಲ್ಲಿ ಮೇಲೆ ಹೋದರೆ ಗೇರುಸೊಪ್ಪೆ ಸಿಗುವುದಿಲ್ಲ. ಕಾಳಿ ಕಾರವಾರದಲ್ಲಿ, ಗಂಗಾವಳಿ ಅಂಕೋಲೆಯ ಕಡೆ, ಅಘನಾಶಿನಿ ಕುಮಟೆಯ ಕಡೆ, ಶರಾವತಿ ಹೊನ್ನಾವರದಲ್ಲಿ ಕಡಲು ಸೇರುತ್ತವೆ. ಒಂದರಿಂದ ಇನ್ನೊಂದಕ್ಕೆ ಒಳದಾರಿ ಇಲ್ಲ. ದೋಣಿ ಕಡಲಿಗಿಳಿದು, ದೇವಗಡ ದ್ವೀಪದ ದೀಪಸ್ತಂಭ ಬೆನ್ನಿಗೆ ಬಿಟ್ಟು, ಹೊನ್ನಾವರದ ಅಳಿವೆ ಹೊಕ್ಕು ಶರಾವತಿಯಲ್ಲಿ ಏರಬೇಕು. ಆ ದೀಪ 1864ರದ್ದು, ನಿಮ್ಮ ಕಾಲಕ್ಕೆ ಹೊಂದುತ್ತದೆ. ಮಳೆಗಾಲದಲ್ಲಿ ಈ ಪಯಣ ಆಗದು. ನಾರಳಿ ಹುಣ್ಣಿಮೆಗೆ ಕಡಲಿಗೆ ಕಾಯಿ ಬಿಟ್ಟ ಮೇಲೆ ಹೊರಡಿಸಿ. ಮಧ್ಯೆ ಯಾಣವನ್ನು ತಂದದ್ದು ನೋಡಲು ಚೆಂದವಾಗಿಯೇ ಇದೆ. ಆದರೆ ‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ’ ಅಂತ ಗಾದೆಯೇ ಇರುವಾಗ ಗಂಗೆಯನ್ನು ಯಾಕೆ ಅಲ್ಲಿಗೆ ಕಳಿಸಿದಿರಿ ಅನ್ನುವುದಕ್ಕೆ ಕತೆಯಲ್ಲಿ ಕಾರಣ ಬೇಕು. ಬರೀ ಹಿನ್ನೆಲೆಯ ಬಂಡೆಗಾಗಿ ಬೇಡ.

ಅಕ್ಷರದ ಬಗ್ಗೆ. ಇಂಗ್ಲಿಷ್ ಕಾಮಿಕ್ಸಿನಲ್ಲಿ ಎಲ್ಲ ದೊಡ್ಡಕ್ಷರ, ಸಾಲುಗಳನ್ನು ಒತ್ತೊತ್ತಾಗಿ ಕೂರಿಸುತ್ತಾರೆ. ನೀವೂ ಅದೇ ಅಳತೆಯ ಬಲೂನು ಹಾಕಿದ್ದೀರಿ. ಐದನೇ ಪುಟದಲ್ಲಿ ‘ಸ್ವಾತಂತ್ರ್ಯ’ದ ಒತ್ತು ಕೆಳಗಿನ ಸಾಲಿನ ‘ಕೀಲಿ’ಯ ಗುಡಿಸಿಗೆ ತಾಗಿ ಎರಡೂ ಓದಲು ಬರುವುದಿಲ್ಲ. ಹಿಂದೊಮ್ಮೆ ನಾನು ತಿದ್ದಿದ ಒಂದು ಪುಸ್ತಕದಲ್ಲಿ ಮುದ್ರಣದವರು ಸಾಲುಗಳನ್ನು ಹತ್ತಿರ ತಂದು ಒತ್ತಕ್ಷರಗಳ ಬಾಲವನ್ನೇ ಕತ್ತರಿಸಿದ್ದರು, ‘ಪತ್ತೆ’ಯೆಲ್ಲ ‘ಪತೆ’ ಆಗಿತ್ತು. ಆಮೇಲಿಂದ ನನ್ನ ಲೆಕ್ಕ ಹೀಗೆ: ಒಂದು ಬಲೂನಿಗೆ ಹನ್ನೆರಡು ಪದ ದಾಟಬಾರದು, ಸಾಲಿನ ನಡುವೆ ಒಂದು ಒತ್ತು ಆರಾಮಾಗಿ ಕೂರುವಷ್ಟು ಜಾಗ. ಕನ್ನಡಕ್ಕೆ ದೊಡ್ಡಕ್ಷರ ಇಲ್ಲ, ಹಾಗಾಗಿ ಕೂಗನ್ನು ಗಾತ್ರದಲ್ಲಿ, ದಪ್ಪದಲ್ಲಿ ತೋರಿಸಿ. ಗಂಗೆ ಮನೆಯಲ್ಲಿ ಕೊಂಕಣಿ ಆಡುವವಳು, ಕಚೇರಿಯಲ್ಲಿ ಕನ್ನಡ. ಒಂದೆರಡು ಕೊಂಕಣಿ ಮಾತು ಹಾಗೇ ಬಿಡಿ, ಅರ್ಥ ಬರೆಯಬೇಡಿ, ಚಿತ್ರವೇ ಹೇಳುತ್ತದೆ.

ಸದ್ದುಗಳನ್ನಂತೂ ದಯವಿಟ್ಟು ಬದಲಿಸಿ. ‘ಬೂಮ್’, ‘ಹಿಸ್’ ಯಾಕೆ? ಅನುಕರಣ ಪದಗಳಲ್ಲಿ ಕನ್ನಡ ಎಷ್ಟು ಸಿರಿವಂತ! ನೀರು ಮೊದಲು ಗುಳುಗುಳು, ಆಮೇಲೆ ಕೊತಕೊತ, ಮುಚ್ಚಳ ಪಟಪಟ, ಕವಾಟ ಭುಸ್. ಈ ನಾಲ್ಕನ್ನು ಒಂದೇ ಪುಟದಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ಕೈಯಲ್ಲೇ ಬರೆದರೆ ಬಾಯ್ಲರಿನ ಒತ್ತಡ ಅಳೆಯುವ ಮುಳ್ಳನ್ನು ಬಿಡಿಸಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ‘ಭುಸ್’ ಎಳೆಯಲು ಹೋದರೆ ‘ಸ’ದ ಕೆಳಗೆ ‘ಸ’ ಗೋಪುರ ಕಟ್ಟುತ್ತದೆ, ಅದಕ್ಕೇ ಕೈಯಲ್ಲಿ ಅಂದದ್ದು.

ಮೊದಲ ಪುಟವನ್ನು ನಾನಾಗಿದ್ದರೆ ಹೀಗೆ ತೆರೆಯುತ್ತಿದ್ದೆ. ಬೆಳಗಿನ ಇಳಿತ. ಪುಟದ ಮೇಲರ್ಧ ಬರೀ ಕೆಸರು, ದೂರದಲ್ಲಿ ಸದಾಶಿವಗಡದ ಗುಡ್ಡ, ನಡುವೆ ಮೊಣಕಾಲು ಹೂತ ಒಬ್ಬ ಹುಡುಗಿ ಬೆನ್ನು ಬಾಗಿಸಿದ್ದಾಳೆ. ಕೆಳಗೆ ಸಣ್ಣ ಚೌಕಟ್ಟು: ಕೆಸರೊಳಗೆ ಬೆರಳು, ಬಳಚು. ಇನ್ನೊಂದು: ಬೆರಳು ಯಾವುದೋ ಗಟ್ಟಿಗೆ ತಾಗಿದೆ. ಮತ್ತೊಂದು: ಅಂಗೈಯಿಂದ ಒರೆಸುತ್ತಾಳೆ, ಕಬ್ಬಿಣದ ಮೇಲೆ ಉಬ್ಬಿದ ಇಂಗ್ಲಿಷ್ ಅಕ್ಷರದ ಅರ್ಧ. ಕೊನೆಯದರಲ್ಲಿ ಅವಳು ಅದರ ಮೇಲೆ ಬಳಚಿನ ಬುಟ್ಟಿ ಕವುಚಿ ಗುರುತು ಇಟ್ಟು, ಕಡಲಿನ ಕಡೆ ನೋಡಿ, ಭರತ ಬರುವಷ್ಟರಲ್ಲಿ ಎಷ್ಟು ಹೊತ್ತಿದೆ ಅಂತ ಬೆರಳು ಮಡಚಿ ಎಣಿಸುತ್ತಾಳೆ. ಮಾತಿಲ್ಲ. ಪುಟ ತಿರುಗಿಸಿದರೆ ಎತ್ತು, ಹಗ್ಗ, ಅರ್ಧ ಊರು.

ಮೂರನೇ ಪುಟದ ತೆಂಗಿನ ಗರಿ ಮಾತ್ರ ಹಾಗೇ ಇರಲಿ.